ತೂಕ ಏರಿತು, ರಕ್ತ ಏಕೆ ಏರಲಿಲ್ಲ?

ಓದುಗರ ಪ್ರಶ್ನೆ – ತಜ್ಞರ ಉತ್ತರ

ಅಂಗನವಾಡಿಯ ಆಹಾರ, ಪುಟ್ಟ ಮಕ್ಕಳ ರಕ್ತಪರೀಕ್ಷೆ, ಇವೆರಡರ ಸಂಬಂಧವೇನು ಎಂದು ಕೇಳಿ ಮಂಜೇಶ್ವರ, ಕಾಸರಗೋಡು ತಾಲೂಕುಗಳಿಂದ ಹೆಚ್ಚಾಗಿ, ಜತ್ತ, ಅಕ್ಕಲಕೋಟೆ, ಹೊಸೂರು ಕಡೆಯಿಂದ ಕೆಲವು ಪತ್ರಗಳು ಬಂದಿವೆ. ಮಕ್ಕಳ ವೈದ್ಯರು, ಲ್ಯಾಬ್ ಪರಿಣತರು, ಆಹಾರ ತಜ್ಞರು ಸೇರಿ ಉತ್ತರಿಸಿದ್ದಾರೆ. ಒಂದೇ ಬಗೆಯ ಪತ್ರಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ನನ್ನ ಮಗಳಿಗೆ 14 ತಿಂಗಳು. ತೂಕ ಕಡಿಮೆ ಎಂದು ಹತ್ತನೇ ತಿಂಗಳಿನಿಂದ ಅಂಗನವಾಡಿಯ ಅಮೃತಂ ಹುಡಿ ಕೊಡುತ್ತಿದ್ದೇವೆ. ತೂಕ 6.3 ಕೆ.ಜಿ.ಯಿಂದ 7.2ಕ್ಕೆ ಬಂತು. ಆದರೆ ಹಿಮೋಗ್ಲೋಬಿನ್ ಆಗ 9.1 ಇದ್ದದ್ದು ಈಗ 9.2. ಹುಡಿಯಲ್ಲಿ ಸತ್ವವೇ ಇಲ್ಲವೇ?
– ತಾಯಿ, ಪೈವಳಿಕೆ

ಉತ್ತರ: ಸತ್ವ ಇದೆ, ತೂಕವೇ ಅದಕ್ಕೆ ಸಾಕ್ಷಿ. ಆದರೆ ತೂಕ ಏರಿಸುವ ಸಾಮಾನು ಬೇರೆ, ರಕ್ತದ ಹಿಮೋಗ್ಲೋಬಿನ್ ಏರಿಸುವ ಸಾಮಾನಾದ ಕಬ್ಬಿಣ ಬೇರೆ. ಅಮೃತಂ ಹುಡಿಯ 100 ಗ್ರಾಂನಲ್ಲಿ ಗೋಧಿ 45, ಕಡ್ಲೆಬೇಳೆ 15, ಸೋಯಾ 10, ನೆಲಗಡಲೆ 10, ಸಕ್ಕರೆ 20 ಗ್ರಾಂ ಇರುತ್ತದೆ. (ಈ ಮಿಶ್ರಣ ರೂಪುಗೊಂಡದ್ದು ನಿಮ್ಮದೇ ಜಿಲ್ಲೆಯ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ, ಈಗ ಕೇರಳದುದ್ದಕ್ಕೂ ಕುಟುಂಬಶ್ರೀ ಮಹಿಳಾ ಘಟಕಗಳು ತಯಾರಿಸುತ್ತವೆ.) ಕ್ಯಾಲರಿ, ಪ್ರೋಟೀನ್‌ಗೆ ಇದು ಒಳ್ಳೆಯ ಲೆಕ್ಕಾಚಾರ. ಕಬ್ಬಿಣದ ವಿಷಯಕ್ಕೆ ಬಂದರೆ, ಗೋಧಿಯಲ್ಲೂ ಬೇಳೆಯಲ್ಲೂ ಕಬ್ಬಿಣ ಇದ್ದೇ ಇದೆ. ಆದರೆ ಅದರ ಜೊತೆಗೇ ಫೈಟೇಟ್ ಎಂಬ ವಸ್ತುವೂ ಇದೆ. ಅದು ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ಧಾನ್ಯ, ಬೇಳೆಗಳ ಕಬ್ಬಿಣದಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಐದರಿಂದ ಎಂಟು ಪಾಲು ಮಾತ್ರ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿ.ಗ್ರಾಂ ಕಬ್ಬಿಣ ಆಹಾರದಲ್ಲಿ ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಅದು ಆರೋಗ್ಯವಂತ ಮಗುವಿನ ನಿತ್ಯದ ಖರ್ಚಿಗೆ ಹೇಳಿದ ಪ್ರಮಾಣ. ಬರಿದಾದ ದಾಸ್ತಾನು ತುಂಬಲು ಅಷ್ಟು ಸಾಲದು.

ಇನ್ನೊಂದು ಸಂಗತಿ ಅನೇಕರ ಗಮನಕ್ಕೆ ಬರುವುದಿಲ್ಲ. ಮಗು ಬೆಳೆಯತೊಡಗಿದಾಗ ರಕ್ತದ ಒಟ್ಟು ಪ್ರಮಾಣವೂ ಹೆಚ್ಚಬೇಕು. ನಿಮ್ಮ ಮಗಳು ನಾಲ್ಕು ತಿಂಗಳಲ್ಲಿ 900 ಗ್ರಾಂ ಏರಿದ್ದಾಳೆ. ಆ ಹೊಸ ಮೈಗೆ ಹೊಸ ರಕ್ತವೂ ತಯಾರಾಗಿದೆ. ಹಿಮೋಗ್ಲೋಬಿನ್ ಇಳಿಯದೆ 9.2ರಲ್ಲಿ ನಿಂತಿರುವುದಕ್ಕೇ ಒಂದಷ್ಟು ಕಬ್ಬಿಣ ಖರ್ಚಾಗಿದೆ. ಆಹಾರ ಸುಧಾರಿಸಿ ತೂಕ ವೇಗವಾಗಿ ಏರುವ ಹೊತ್ತಿನಲ್ಲಿ ಕಬ್ಬಿಣ ಬೇರೆಯಾಗಿ ಸಿಗದಿದ್ದರೆ ಕೆಲವು ಮಕ್ಕಳ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದೂ ಉಂಟು.

9.2 ಎಂದರೆ ಮಧ್ಯಮ ರಕ್ತಹೀನತೆ. ಇದಕ್ಕೆ ಆಹಾರವೊಂದೇ ಸಾಲದು, ಔಷಧಿ ಬೇಕು. ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 3 ಮಿ.ಗ್ರಾಂ ಕಬ್ಬಿಣ ಎಂಬುದು ಚಿಕಿತ್ಸೆಯ ಪ್ರಮಾಣ; ನಿಮ್ಮ ಮಗಳಿಗೆ ಸುಮಾರು 22 ಮಿ.ಗ್ರಾಂ. ಅಂಗನವಾಡಿ ಅಥವಾ ಆಶಾ ಮೂಲಕ ಸಿಗುವ ಐಎಫ್‌ಎ ಸಿರಪ್‌ನ 1 ಮಿ.ಲೀ.ನಲ್ಲಿ 20 ಮಿ.ಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದನ್ನು ವಾರಕ್ಕೆ ಎರಡು ಬಾರಿ 1 ಮಿ.ಲೀ. ಕೊಡುವುದು ರಕ್ತಹೀನತೆ ಬಾರದಂತೆ ತಡೆಯಲು. ಈಗಾಗಲೇ ಬಂದಿರುವ ಮಗುವಿಗೆ ದಿನವೂ ಬೇಕು. ಎಷ್ಟು, ಎಷ್ಟು ದಿನ ಎಂಬುದನ್ನು ಕುಟುಂಬ ಆರೋಗ್ಯ ಕೇಂದ್ರದ ವೈದ್ಯರಿಂದ ಬರೆಸಿಕೊಳ್ಳಿ. ಅಂಗಡಿಯಿಂದ ಸಿರಪ್ ತರುವುದಾದರೆ ‘ಎಲಿಮೆಂಟಲ್ ಐರನ್ (ಬರೀ ಕಬ್ಬಿಣದ ಪ್ರಮಾಣ) ಇಷ್ಟು’ ಎಂಬ ಸಾಲನ್ನು ಓದಿ. ಲೇಬಲ್ಲಿನ ದೊಡ್ಡ ಸಂಖ್ಯೆ ಬಹಳ ಸಲ ಲವಣದ ತೂಕವಾಗಿರುತ್ತದೆ. ಫೆರಸ್ ಫ್ಯೂಮರೇಟ್‌ನಲ್ಲಿ ಮೂರರಲ್ಲೊಂದು ಪಾಲು ಕಬ್ಬಿಣವಿದ್ದರೆ, ಗ್ಲುಕೋನೇಟ್‌ನಲ್ಲಿ ನೂರಕ್ಕೆ 12 ಪಾಲು ಮಾತ್ರ. ಡ್ರಾಪ್ಸ್ ಬಾಟಲಿಗೂ ಸಿರಪ್ ಬಾಟಲಿಗೂ ಪ್ರಬಲತೆ ಬೇರೆಯಿರುತ್ತದೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಬೇಡಿ. ಬಾಟಲಿ ಮಕ್ಕಳ ಕೈಗೆ ಸಿಗಬಾರದು. ಪುಟ್ಟ ಮಗು ಕಬ್ಬಿಣದ ಸಿರಪ್ ಒಂದೇ ಸಲಕ್ಕೆ ಕುಡಿದರೆ ಜೀವಕ್ಕೇ ಅಪಾಯ.

ಹುಡಿಯನ್ನು ನಿಲ್ಲಿಸಬೇಡಿ. ಲೆಕ್ಕದ ಪ್ರಕಾರ ಒಂದು ಮಗುವಿಗೆ ದಿನಕ್ಕೆ 135 ಗ್ರಾಂ. ಇಷ್ಟನ್ನು ಒಂದೇ ಹೊತ್ತಿಗೆ ತಿನ್ನಿಸಲು ಆಗದು, ಮೂರು ನಾಲ್ಕು ಸಲಕ್ಕೆ ಹಂಚಬೇಕು. ತಿಂಗಳ ಪ್ಯಾಕೆಟ್‌ಗಳು ಹತ್ತು ದಿನಕ್ಕೇ ಖಾಲಿಯಾಗುತ್ತಿವೆ ಎಂದರೆ ಮನೆಯ ದೊಡ್ಡ ಮಕ್ಕಳೂ ಉಂಡೆ ಕಟ್ಟಿಸಿಕೊಂಡು ತಿನ್ನುತ್ತಿದ್ದಾರೆ ಎಂದೇ ಅರ್ಥ. ಬಯ್ಯುವ ವಿಷಯವಲ್ಲ, ಆದರೆ ಲೆಕ್ಕ ಹಾಕುವಾಗ ನೆನಪಿರಲಿ. ಮಣ್ಣಿ ಮಾಡುವಾಗ ಮೂರು ದೊಡ್ಡ ಚಮಚ ಹುಡಿಗೆ ಒಂದು ಸಣ್ಣ ಲೋಟ ನೀರು ಸಾಕು. ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಕೈಯಾಡಿಸಿ, ಇಳಿಸುವಾಗ ಅರ್ಧ ಚಮಚ ತೆಂಗಿನೆಣ್ಣೆ ಅಥವಾ ತುಪ್ಪ ಹಾಕಿ. ಚಮಚ ಓರೆ ಮಾಡಿದರೆ ನೀರಿನಂತೆ ಹರಿಯಬಾರದು. ತೆಳ್ಳಗಾದಷ್ಟೂ ಹೊಟ್ಟೆ ತುಂಬುವುದು ನೀರಿನಿಂದ. ಆರಿದ ಮೇಲೆ ನಾಲ್ಕು ಹನಿ ಲಿಂಬೆರಸ ಸೇರಿಸಿ, ಇಲ್ಲವೇ ಜೊತೆಗೆ ಹಣ್ಣಾದ ಪೇರಳೆಯ ಬೀಜ ತೆಗೆದು ಕಿವುಚಿ ಕೊಡಿ. ಸಿ ವಿಟಮಿನ್ ಇದ್ದರೆ ಫೈಟೇಟ್‌ನ ಹಿಡಿತ ಸಡಿಲವಾಗುತ್ತದೆ. ಮಳೆಗಾಲದಲ್ಲಿ ತೆರೆದ ಪ್ಯಾಕೆಟ್ಟಿನ ನೆಲಗಡಲೆ ಬೇಗ ಕಮಟು ಹಿಡಿಯುತ್ತದೆ. ಒಣಗಿದ ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಕಮಟು ವಾಸನೆ ಬಂದರೆ, ಬೂಸ್ಟು ಕಂಡರೆ ಬಿಸಾಡಿ. ಬಿಸಿಲಿಗೆ ಒಣಗಿಸಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ, ಬೂಸ್ಟಿನ ವಿಷ ಬಿಸಿಲಿಗೂ ಒಲೆಗೂ ಪೂರ್ತಿ ಹೋಗುವುದಿಲ್ಲ.

ಮೀನು ತಿನ್ನುವ ಮನೆಯಾದರೆ ಬೂತಾಯಿಯ ಮುಳ್ಳು ಬಿಡಿಸಿ ಅನ್ನದಲ್ಲಿ ಕಲಸಿ ಕೊಡಿ. ಮೀನು, ಮಾಂಸದ ಕಬ್ಬಿಣ ಸುಲಭವಾಗಿ ರಕ್ತಕ್ಕೆ ಸೇರುವುದಲ್ಲದೆ, ಅದೇ ತುತ್ತಿನ ಅನ್ನ, ಬೇಳೆಯ ಕಬ್ಬಿಣವನ್ನೂ ಎಳೆದು ತರುತ್ತದೆ. ಎದೆಹಾಲು ಮುಂದುವರಿಸಿ. ಚಹಾ ಬೇಡವೇ ಬೇಡ. ಕೆಲವು ಮನೆಗಳಲ್ಲಿ ಬಿಸ್ಕೆಟ್ ಅದ್ದಲು ಎಂದು ಕೊಡುವ ಎರಡು ಗುಟುಕು ಚಹಾವೂ ಕಬ್ಬಿಣಕ್ಕೆ ಅಡ್ಡಿಯೇ.

ಔಷಧಿ ಶುರುವಾಗಿ ನಾಲ್ಕು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿ. ಸುಮಾರು 1 ಗ್ರಾಂ ಏರಿದ್ದರೆ ದಾರಿ ಸರಿ. ಹಿಮೋಗ್ಲೋಬಿನ್ ಸರಿಯಾಯಿತೆಂದು ಆ ದಿನವೇ ನಿಲ್ಲಿಸಬೇಡಿ. ದಾಸ್ತಾನು ತುಂಬಲು ಇನ್ನೂ ಎರಡು ಮೂರು ತಿಂಗಳು ಬೇಕು.

ಪ್ರಶ್ನೆ: ನಮ್ಮ ವಾರ್ಡಿನ ಅಂಗನವಾಡಿ ಶಿಬಿರದಲ್ಲಿ ಬೆರಳು ಚುಚ್ಚಿ ನೋಡಿದಾಗ ಎರಡು ವರ್ಷದ ಮಗುವಿಗೆ 8.8 ಬಂತು. ಅದೇ ವಾರ ಲ್ಯಾಬಿನಲ್ಲಿ ಕೈಯಿಂದ ರಕ್ತ ತೆಗೆದಾಗ 10.1. ಮನೆಯವರು ನಮ್ಮನ್ನೇ ಸಂಶಯದಿಂದ ನೋಡುತ್ತಿದ್ದಾರೆ.
– ಆಶಾ ಕಾರ್ಯಕರ್ತೆ, ಬದಿಯಡ್ಕ

ಉತ್ತರ: ಎರಡರಲ್ಲಿ ನಂಬಬೇಕಾದ್ದು ರಕ್ತನಾಳದಿಂದ ತೆಗೆದ 10.1ನ್ನು. ಇಷ್ಟು ವ್ಯತ್ಯಾಸ ಬರಲು ಸಾಮಾನ್ಯ ಕಾರಣ ಬೆರಳನ್ನು ಹಿಂಡುವುದು. ಮಗು ಅಳುತ್ತದೆ, ಹನಿ ಸಣ್ಣದು, ಅವಸರ. ಆಗ ಬೆರಳನ್ನು ಬುಡದಿಂದ ಹಿಂಡುತ್ತೇವೆ. ರಕ್ತದ ಜೊತೆ ಮಾಂಸದೊಳಗಿನ ನೀರೂ ಬಂದು ಹನಿ ತೆಳುವಾಗುತ್ತದೆ, ಸಂಖ್ಯೆ ಇಳಿಯುತ್ತದೆ.

ಮುಂದಿನ ಶಿಬಿರಕ್ಕೆ ಹೀಗೆ ಮಾಡಿ. ಮಗುವಿನ ಕೈ ತಣ್ಣಗಿದ್ದರೆ ಬೆಚ್ಚಗಿನ ಬಟ್ಟೆಯಲ್ಲಿ ಎರಡು ನಿಮಿಷ ಸುತ್ತಿ. ನಡುಬೆರಳು ಅಥವಾ ಉಂಗುರ ಬೆರಳಿನ ತುದಿಯ ಬದಿಗೆ ಚುಚ್ಚಿ, ನಟ್ಟನಡುವೆ ಬೇಡ. ಒಂದು ವರ್ಷ ತುಂಬದ ಶಿಶುವಿಗೆ ಹಿಮ್ಮಡಿಯ ಬದಿ. ಸ್ಪಿರಿಟ್ ಪೂರ್ತಿ ಒಣಗಿದ ಮೇಲೆಯೇ ಚುಚ್ಚಬೇಕು. ಒದ್ದೆಯಿದ್ದರೆ ರಕ್ತಕ್ಕೆ ಬೆರೆಯುತ್ತದೆ. ಒಂದೇ ಸಲ ಸಾಕಷ್ಟು ಆಳಕ್ಕೆ ಚುಚ್ಚಿದರೆ ಹಿಂಡುವ ಕೆಲಸವೇ ಇರುವುದಿಲ್ಲ. ಮೊದಲ ಎರಡು ಹನಿಗಳನ್ನು ಒಣ ಹತ್ತಿಯಲ್ಲಿ ಒರೆಸಿ, ತಾನಾಗಿ ಮೂಡಿದ ಮೂರನೆಯ ದೊಡ್ಡ ಹನಿಯನ್ನು ಒಂದೇ ಸಲಕ್ಕೆ ಕ್ಯೂವೆಟ್‌ಗೆ (ಯಂತ್ರಕ್ಕೆ ಇಡುವ, ರಕ್ತ ತುಂಬುವ ಪುಟ್ಟ ಕೋಶ) ತುಂಬಿಸಿ. ಅರ್ಧ ತುಂಬಿದ್ದಕ್ಕೆ ಮತ್ತೆ ಸೇರಿಸಿದರೆ, ಒಳಗೆ ಗಾಳಿಗುಳ್ಳೆ ಇದ್ದರೆ ಆ ಕ್ಯೂವೆಟ್ ಬಿಟ್ಟು ಹೊಸದು ತೆಗೆದುಕೊಳ್ಳಿ. ಸ್ಟ್ರಿಪ್, ಕ್ಯೂವೆಟ್‌ಗಳ ಡಬ್ಬಿ ತೆರೆದಿಟ್ಟರೆ ನಮ್ಮ ಕರಾವಳಿಯ ಹವೆಗೆ ತೇವ ಹಿಡಿದು ತಪ್ಪು ಸಂಖ್ಯೆ ತೋರಿಸುತ್ತವೆ. ಬೇಕಾದ್ದು ತೆಗೆದ ಕೂಡಲೆ ಮುಚ್ಚಿ.

ಇದು ನಿಮ್ಮ ವಾರ್ಡಿನ ತೊಂದರೆ ಮಾತ್ರವಲ್ಲ. ಬೆರಳಿನ ರಕ್ತ ನೋಡಿದ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (ಎನ್‌ಎಫ್‌ಎಚ್‌ಎಸ್-5) ದೇಶದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 67.1 ಮಂದಿಗೆ ರಕ್ತಹೀನತೆ ಎಂದು ಬಂತು, ಕೇರಳದಲ್ಲಿ ಶೇ. 39.4. ರಕ್ತನಾಳದಿಂದ ತೆಗೆದು ಲ್ಯಾಬಿನಲ್ಲಿ ನೋಡಿದ 2016–18ರ ರಾಷ್ಟ್ರೀಯ ಸಮಗ್ರ ಪೌಷ್ಟಿಕಾಂಶ ಸಮೀಕ್ಷೆಯಲ್ಲಿ 1ರಿಂದ 4 ವರ್ಷದವರಲ್ಲಿ ಶೇ. 41. ವಯಸ್ಸಿನ ಗುಂಪು ಬೇರೆ ಎಂಬುದೂ ನಿಜ, ಆದರೆ ಅಷ್ಟು ದೊಡ್ಡ ಅಂತರದಲ್ಲಿ ರಕ್ತ ತೆಗೆದ ಬಗೆಯದೂ ಒಂದು ಪಾಲಿದೆ.

ಮನೆಯವರಿಗೆ ಹೀಗೆ ಹೇಳಿ: ಶಿಬಿರದ್ದು ಜರಡಿ, ಕಡಿಮೆ ಕಂಡವರನ್ನು ಲ್ಯಾಬಿಗೆ ಕಳುಹಿಸುವುದಕ್ಕೆ. 10.1 ಕೂಡ 11ಕ್ಕಿಂತ ಕಡಿಮೆಯೇ, ಆದ್ದರಿಂದ ಮಗುವಿಗೆ ಸಿರಪ್ ಬೇಕೇ ಬೇಕು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 6ರಿಂದ 23 ತಿಂಗಳ ಮಕ್ಕಳಿಗೆ ಮಿತಿಯನ್ನು 10.5ಕ್ಕೆ ಇಳಿಸಿದೆ, ಎರಡು ವರ್ಷ ತುಂಬಿದವರಿಗೆ 11 ಹಾಗೆಯೇ ಇದೆ. ಗಡಿಯ ಎರಡೂ ಬದಿಯ ಲ್ಯಾಬುಗಳ ವರದಿ ನೋಡುವವರು ಅಳತೆಯ ಮಾನವನ್ನೂ ನೋಡಿ. ಡೆಸಿಲೀಟರ್‌ಗೆ 10.1 ಗ್ರಾಂ ಎಂದರೂ ಲೀಟರ್‌ಗೆ 101 ಗ್ರಾಂ ಎಂದರೂ ಒಂದೇ.

ಪ್ರಶ್ನೆ: ಮೂರು ವರ್ಷದ ಮಗನಿಗೆ ಹಿಮೋಗ್ಲೋಬಿನ್ 9.9. ಮಂಗಳೂರಿನಲ್ಲಿ ಫೆರಿಟಿನ್ ಮಾಡಿಸಿದೆವು, 21 ಬಂತು. ವರದಿಯಲ್ಲಿ ‘7ರಿಂದ 140 ಸಾಮಾನ್ಯ’ ಎಂದಿದೆ. ಸಿಆರ್‌ಪಿ 22. ಕಬ್ಬಿಣ ಸರಿಯಿದೆಯೆಂದು ಸಿರಪ್ ನಿಲ್ಲಿಸಬಹುದೇ? ಅವನಿಗೆ ಆ ವಾರ ಜ್ವರ, ಕಿವಿನೋವು ಇತ್ತು.
– ತಂದೆ, ಕುಂಬಳೆ

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ಫೆರಿಟಿನ್ ಎಂದರೆ ದೇಹದ ಕಬ್ಬಿಣದ ಉಗ್ರಾಣದ ಲೆಕ್ಕ. ಆದರೆ ಸೋಂಕು ಬಂದಾಗ ಉಗ್ರಾಣ ಖಾಲಿಯಿದ್ದರೂ ಈ ಸಂಖ್ಯೆ ಏರುತ್ತದೆ. ರೋಗಾಣುಗಳಿಗೂ ಬೆಳೆಯಲು ಕಬ್ಬಿಣ ಬೇಕು. ಅವಕ್ಕೆ ಸಿಗದಂತೆ ದೇಹ ಅದನ್ನು ಒಳಗೆ ಬಚ್ಚಿಡುತ್ತದೆ. ಸಿಆರ್‌ಪಿ ಎಂಬುದು ರಕ್ತದಲ್ಲಿ ಉರಿಯೂತದ ಗುರುತು; ಅದು 5ಕ್ಕಿಂತ ಹೆಚ್ಚಿದ್ದರೆ ಉರಿಯೂತ ಇದೆ ಎಂದರ್ಥ, ನಿಮ್ಮ ಮಗನಿಗೆ 22. ಐದು ವರ್ಷದೊಳಗಿನ ಆರೋಗ್ಯವಂತ ಮಗುವಿಗೆ ಫೆರಿಟಿನ್ 12ಕ್ಕಿಂತ ಕಡಿಮೆಯಾದರೆ ಕಬ್ಬಿಣದ ಕೊರತೆ ಎನ್ನುತ್ತೇವೆ; ಸೋಂಕು ಇರುವಾಗ 30ಕ್ಕಿಂತ ಕಡಿಮೆಯಾದರೆ ಸಾಕು. ಹಾಗೆ ನೋಡಿದರೆ 21 ಕೊರತೆಯ ಪಟ್ಟಿಗೇ ಸೇರುತ್ತದೆ. ವರದಿಯಲ್ಲಿ ಅಚ್ಚಾಗುವ ‘7ರಿಂದ 140’ಕ್ಕೆ ಮಗುವಿನ ಜ್ವರದ ವಿಷಯ ಗೊತ್ತಿಲ್ಲ.

ಸಿರಪ್ ನಿಲ್ಲಿಸುವ ಮಾತು ಬೇಡ. ಕಿವಿಯ ಸೋಂಕಿಗೆ ಚಿಕಿತ್ಸೆ ಆಗಲಿ. ಫೆರಿಟಿನ್ ಮತ್ತೆ ಮಾಡಿಸಲೇಬೇಕೆಂದರೆ ಜ್ವರ ಬಿಟ್ಟು ಮೂರು ವಾರವಾದರೂ ಕಳೆಯಲಿ. ಸಿಆರ್‌ಪಿ ಬೇಗ ಏರಿ ಬೇಗ ಇಳಿಯುತ್ತದೆ. ಎಜಿಪಿ ಎಂಬ ಇನ್ನೊಂದು ಗುರುತು ನಿಧಾನಕ್ಕೆ ಏರಿ ವಾರಗಟ್ಟಲೆ ಉಳಿಯುತ್ತದೆ. ಅದಕ್ಕೇ ದೊಡ್ಡ ಸಮೀಕ್ಷೆಗಳಲ್ಲಿ ಎರಡನ್ನೂ ನೋಡುತ್ತಾರೆ.

ಇದೇ ಸೋಂಕು ಎ ವಿಟಮಿನ್, ಸತುವಿನ ಸಂಖ್ಯೆಗಳನ್ನು ತದ್ವಿರುದ್ಧ ದಿಕ್ಕಿಗೆ ತಳ್ಳುತ್ತದೆ. ಜ್ವರದಲ್ಲಿ ನೋಡಿದರೆ ಎರಡೂ ಇದ್ದುದಕ್ಕಿಂತ ಕಡಿಮೆ ಕಾಣುತ್ತವೆ. ಸತುವಿನ ಪರೀಕ್ಷೆಯಂತೂ ಬಲು ನಾಜೂಕು. ಊಟವಾದ ಮೇಲೆ ಇಳಿಯುತ್ತದೆ, ಬೆಳಗ್ಗೆಗೂ ಸಂಜೆಗೂ ಬೇರೆ, ಸಾಮಾನ್ಯ ಟ್ಯೂಬಿನ ರಬ್ಬರ್ ಮುಚ್ಚಳದಿಂದಲೂ ಸತುವು ರಕ್ತಕ್ಕೆ ಸೇರಿಕೊಳ್ಳುತ್ತದೆ. ಒಬ್ಬ ಮಗುವಿಗೆ ಇದನ್ನು ಮಾಡಿಸುವುದಕ್ಕಿಂತ, ಭೇದಿಯಾದಾಗ 6 ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ ಸತುವಿನ ಮಾತ್ರೆಯನ್ನು 14 ದಿನ ತಪ್ಪದೆ ಕೊಡುವುದು ಲಾಭ. ಭೇದಿ ನಿಂತಿತೆಂದು ನಾಲ್ಕನೇ ದಿನಕ್ಕೆ ಮಾತ್ರೆ ನಿಲ್ಲಿಸುವವರೇ ಹೆಚ್ಚು.

ಪ್ರಶ್ನೆ: ಮೂರೂವರೆ ವರ್ಷದ ಮಗಳಿಗೆ ಮೂರು ತಿಂಗಳು ತಪ್ಪದೆ ಕಬ್ಬಿಣ ಕೊಟ್ಟೆವು. ಹಿಮೋಗ್ಲೋಬಿನ್ 10.3 ಇದ್ದದ್ದು 10.4. ಹುಳದ ಮದ್ದೂ ಕೊಟ್ಟಾಗಿದೆ. ವರದಿಯಲ್ಲಿ ಎಂಸಿವಿ 62, ಆರ್‌ಬಿಸಿ 5.6 ಎಂದಿದೆ.
– ಮುಳ್ಳೇರಿಯ

ಉತ್ತರ: ಎಂಸಿವಿಯನ್ನು (ಕೆಂಪು ರಕ್ತಕಣದ ಗಾತ್ರ) ಆರ್‌ಬಿಸಿ ಸಂಖ್ಯೆಯಿಂದ (ಆ ಕಣಗಳ ಎಣಿಕೆ) ಭಾಗಿಸಿ: 62 ÷ 5.6 = 11 ಚಿಲ್ಲರೆ. ಇದು 13ಕ್ಕಿಂತ ಕಡಿಮೆ ಬಂದರೆ, ವಂಶದಲ್ಲಿ ಬರುವ ರಕ್ತರೋಗವಾದ ತಲಸ್ಸೀಮಿಯಾದ ವಾಹಕತನದ ಸಂಶಯ. 13ಕ್ಕಿಂತ ಹೆಚ್ಚಾದರೆ ಕಬ್ಬಿಣದ ಕೊರತೆಯ ಕಡೆಗೆ ವಾಲುತ್ತದೆ. ಕಬ್ಬಿಣ ಸಾಲದ ಮಗುವಿನಲ್ಲಿ ರಕ್ತಕಣಗಳು ಚಿಕ್ಕವೂ ಹೌದು, ಸಂಖ್ಯೆಯಲ್ಲಿ ಕಡಿಮೆಯೂ ಹೌದು. ವಾಹಕರಲ್ಲಿ ಕಣ ಚಿಕ್ಕದು, ಸಂಖ್ಯೆ ಮಾತ್ರ ಧಾರಾಳ. ಇದು ಸುಳಿವಷ್ಟೇ. ಖಚಿತವಾಗುವುದು ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ. ಹಿಮೋಗ್ಲೋಬಿನ್ ಎ2 ಶೇ. 3.5ಕ್ಕಿಂತ ಹೆಚ್ಚಿದ್ದರೆ ಬೀಟಾ ತಲಸ್ಸೀಮಿಯಾದ ವಾಹಕಿ ಎನ್ನಬಹುದು. ಕಬ್ಬಿಣದ ಕೊರತೆ ಇರುವಾಗ ಎ2 ಸುಳ್ಳಾಗಿ ಕಡಿಮೆ ತೋರಿಸಬಹುದು, ಆದ್ದರಿಂದ ಕಬ್ಬಿಣ ಕೊಟ್ಟ ಮೇಲೆ ಮಾಡಿಸುವುದೇ ಸರಿ. ನೀವು ಈಗ ಆ ಹಂತದಲ್ಲಿದ್ದೀರಿ. ಫೆರಿಟಿನ್ ಸರಿಯಿದ್ದರೆ ಕಬ್ಬಿಣ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ವಾಹಕರು ರೋಗಿಗಳಲ್ಲ, ಯಾವ ಪಥ್ಯವೂ ಬೇಡ. ಆದರೆ ತಂದೆತಾಯಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ, ಮುಂದಿನ ಮಗುವಿನ ದೃಷ್ಟಿಯಿಂದ ಅದು ಮುಖ್ಯ.

ಪ್ರಶ್ನೆ: ಮೊಮ್ಮಗನಿಗೆ ಒಂದೂವರೆ ವರ್ಷ. ತೋಳಿನ ಸುತ್ತಳತೆ 11 ಸೆಂ.ಮೀ., ಎರಡೂ ಪಾದಕ್ಕೆ ಬಾವು. ಎನ್‌ಆರ್‌ಸಿಯಲ್ಲಿ (ಪೌಷ್ಟಿಕಾಂಶ ಪುನಶ್ಚೇತನ ಕೇಂದ್ರ) ಸೇರಿಸಿಕೊಂಡರು. ಹಿಮೋಗ್ಲೋಬಿನ್ 7.8 ಇದ್ದರೂ ಕಬ್ಬಿಣ ಕೊಡಲಿಲ್ಲ. ಹಸಿದ ಕೂಸಿಗೆ ಬರೀ ತೆಳು ಹಾಲು. ನಾಲ್ಕು ದಿನದಾಗ ಬಾವು ಇಳಿದು ತೂಕನೂ ಇಳೀತು, ಹಿಮೋಗ್ಲೋಬಿನ್ 7.3 ಆತು. ಕರಕೊಂಡು ಬರಬೇಕಂತ ಮಾಡೀವಿ.
– ಅಜ್ಜ, ಅಕ್ಕಲಕೋಟೆ ತಾಲೂಕು

ಉತ್ತರ: ಯಜಮಾನರೇ, ದಯವಿಟ್ಟು ಕರೆತರಬೇಡಿ. ನಿಮಗೆ ತಪ್ಪು ಎಂದು ಕಂಡದ್ದೆಲ್ಲ ಅಲ್ಲಿ ಸರಿಯಾಗಿಯೇ ನಡೆಯುತ್ತಿದೆ. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ, ಜೊತೆಗೆ ಎರಡೂ ಪಾದಗಳಲ್ಲಿ ಬಾವು. ಇದು ತೀವ್ರ ಅಪೌಷ್ಟಿಕತೆಯ ಅಪಾಯದ ರೂಪ.

ಮೊದಲು ಹಾಲಿನ ವಿಷಯ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ದೇಹ ಎಲ್ಲ ಕೆಲಸವನ್ನೂ ನಿಧಾನ ಮಾಡಿಕೊಂಡಿರುತ್ತದೆ. ಹೃದಯ, ಮೂತ್ರಪಿಂಡ, ಯಕೃತ್ತು ಎಲ್ಲವೂ ಮಂದ. ಒಮ್ಮೆಲೇ ಹೊಟ್ಟೆತುಂಬ ಕೊಟ್ಟರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಕುಸಿದರೆ ಹೃದಯದ ಬಡಿತ ತಪ್ಪುತ್ತದೆ, ಮಗು ಉಂಡ ಕಾರಣಕ್ಕೇ ಸಾಯಬಹುದು. ಅದಕ್ಕೇ ಎಫ್-75 ಎಂಬ ಹಾಲು: 100 ಮಿ.ಲೀ.ಗೆ 75 ಕ್ಯಾಲರಿ, ಪ್ರೋಟೀನ್ 0.9 ಗ್ರಾಂ ಮಾತ್ರ. ಮೊದಲು ಎರಡು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ ಕೊಡುತ್ತಾರೆ. ರಾತ್ರಿ ತಪ್ಪಿಸಿದರೆ ರಕ್ತದ ಸಕ್ಕರೆ 54ಕ್ಕಿಂತ ಕೆಳಗಿಳಿದು, ಮೈ ತಣ್ಣಗಾಗಿ ಅಪಾಯವಾಗುತ್ತದೆ. ಬಾವು ಇಳಿದು ಹಸಿವು ಮರಳಿದ ಮೇಲೆ 100 ಮಿ.ಲೀ.ಗೆ 100 ಕ್ಯಾಲರಿ, 2.9 ಗ್ರಾಂ ಪ್ರೋಟೀನ್ ಇರುವ ಎಫ್-100ಕ್ಕೆ ಮೆಲ್ಲನೆ ಬದಲಾಯಿಸುತ್ತಾರೆ. ನೀವು ಕದ್ದು ಒಂದು ತುಂಡು ಬಿಸ್ಕೆಟ್ ಕೊಟ್ಟರೂ ಅವರ ಲೆಕ್ಕ ತಪ್ಪುತ್ತದೆ.

ಇನ್ನು ಕಬ್ಬಿಣ. ರಕ್ತದಲ್ಲಿ ಕಬ್ಬಿಣವನ್ನು ಹೊತ್ತೊಯ್ಯುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಈ ಮಕ್ಕಳಲ್ಲಿ ಬಹಳ ಕಡಿಮೆ ಇರುತ್ತದೆ. ಈಗ ಕೊಟ್ಟ ಕಬ್ಬಿಣ ಹೊರುವವರಿಲ್ಲದೆ ಬಿಡಿಯಾಗಿ ಉಳಿದು, ಅಂಗಾಂಗಗಳಿಗೆ ಹಾನಿ ಮಾಡುತ್ತದೆ, ಒಳಗಿರುವ ಸೋಂಕಿಗೆ ಮೇವಾಗುತ್ತದೆ. ಎಫ್-75ರಲ್ಲಿ ಕಬ್ಬಿಣ ಇಲ್ಲದಿರುವುದು ಮರೆವಿನಿಂದಲ್ಲ. ಸಾಮಾನ್ಯವಾಗಿ ಎರಡನೇ ವಾರದಲ್ಲಿ, ಸೋಂಕು ಹಿಡಿತಕ್ಕೆ ಬಂದು ತೂಕ ಏರತೊಡಗಿದ ಮೇಲೆ ಕೆ.ಜಿ.ಗೆ 3 ಮಿ.ಗ್ರಾಂನಂತೆ ಶುರು ಮಾಡುತ್ತಾರೆ.

7.8 ಇದ್ದದ್ದು 7.3 ಆಗಿದ್ದಕ್ಕೆ ಬೆದರಬೇಡಿ. ಮಾಂಸಖಂಡ, ಚರ್ಮದಡಿ ನಿಂತಿದ್ದ ಬಾವಿನ ನೀರು ರಕ್ತನಾಳದೊಳಗೆ ಮರಳುವಾಗ ರಕ್ತ ತೆಳುವಾಗುತ್ತದೆ, ಕಣಗಳು ಕಳೆದುಹೋಗಿರುವುದಿಲ್ಲ. ಇಂಥ ಹೊತ್ತಿನಲ್ಲಿ ಅವಸರಪಟ್ಟು ರಕ್ತ ಕೊಡಿಸಿದರೆ ದುರ್ಬಲ ಹೃದಯ ಆ ಭಾರ ತಾಳದು. ರಕ್ತ ಕೊಡುವುದು ಹಿಮೋಗ್ಲೋಬಿನ್ 4ಕ್ಕಿಂತ ಕಡಿಮೆ ಇದ್ದಾಗ, ಅಥವಾ 4ರಿಂದ 6ರೊಳಗಿದ್ದು ಉಸಿರಾಟಕ್ಕೆ ಕಷ್ಟವಾದಾಗ, ಅದೂ ದಾಖಲಾದ ಮೊದಲ ಒಂದೆರಡು ದಿನಗಳಲ್ಲಿ. ತೂಕ ಇಳಿದದ್ದೂ ನೀರಿನದೇ. ಬಾವು ಹೋದ ಮೇಲೆ ದಿನಕ್ಕೆ ಪ್ರತಿ ಕೆ.ಜಿ.ಗೆ 10 ಗ್ರಾಂ ಏರಿದರೆ ಬಹಳ ಒಳ್ಳೆಯದು. 5 ಗ್ರಾಂಗಿಂತ ಕಡಿಮೆಯಾದರೆ ಆಗ ವೈದ್ಯರನ್ನು ಕೇಳಿ.

ಪ್ರಶ್ನೆ: ನಮ್ಮ ಅಂಗನವಾಡಿಯಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ ‘ಪೋಷಕ ಬಾಲ್ಯಂ’ ಯೋಜನೆಯಲ್ಲಿ ಹಾಲು, ಮೊಟ್ಟೆ ಕೊಡುತ್ತೇವೆ. ಅದರಿಂದ ರಕ್ತ ಸುಧಾರಿಸಿದೆಯೇ ಎಂದು ತಿಳಿಯಲು ಯಾವ ಪರೀಕ್ಷೆ, ಯಾವಾಗ? ಕಳೆದ ಸಲ ಹಿಮೋಗ್ಲೋಬಿನ್ ತೀರಾ ಕಡಿಮೆಯಿದ್ದ ಆರು ಮಕ್ಕಳನ್ನು ಮತ್ತೆ ಪರೀಕ್ಷಿಸಿದಾಗ ಐವರಲ್ಲಿ ಏರಿತ್ತು.
– ಅಂಗನವಾಡಿ ಟೀಚರ್, ಮಂಜೇಶ್ವರ

ಉತ್ತರ: ಟೀಚರ್, ಆ ಐವರ ಏರಿಕೆಯನ್ನು ಹಾಲು, ಮೊಟ್ಟೆಯ ಖಾತೆಗೆ ಬರೆಯುವ ಮೊದಲು ಸ್ವಲ್ಪ ತಡೆಯಿರಿ. ಯಾವುದೇ ಗುಂಪಿನಲ್ಲಿ ಅತಿ ಕಡಿಮೆ ಬಂದವರನ್ನೇ ಆರಿಸಿ ಮತ್ತೆ ಅಳೆದರೆ, ಏನೂ ಕೊಡದಿದ್ದರೂ ಹೆಚ್ಚಿನವರ ಸಂಖ್ಯೆ ಏರಿಯೇ ಏರುತ್ತದೆ. ಆ ದಿನ ಕೆಲವರಿಗೆ ಶೀತ ಇದ್ದಿರಬಹುದು, ಕೆಲವರ ಬೆರಳು ಹಿಂಡಿರಬಹುದು; ಅಂಥವರೇ ಪಟ್ಟಿಯ ತಳಕ್ಕೆ ಬಿದ್ದಿರುತ್ತಾರೆ. ಹಾಗಾಗಿ ನೋಡುವುದಾದರೆ ಎಲ್ಲ ಮಕ್ಕಳ ಸರಾಸರಿಯನ್ನು ನೋಡಿ. ಅದೇ ಯಂತ್ರ, ಅದೇ ಕೈ, ವರ್ಷದ ಅದೇ ತಿಂಗಳು ಇರಲಿ. ಜೂನ್–ಜುಲೈಯ ಶೀತಜ್ವರದ ಕಾಲದ ಸಂಖ್ಯೆಯನ್ನು ಜನವರಿಯದಕ್ಕೆ ಹೋಲಿಸಿದರೆ ಯೋಜನೆಯ ಬದಲು ಋತುವನ್ನೇ ಅಳೆದಂತಾಗುತ್ತದೆ. ಬೆರಳಿನ ರಕ್ತದಲ್ಲಿ 0.2, 0.3ರ ಏರಿಳಿತವನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಹಾಲು, ಮೊಟ್ಟೆಯಿಂದ ಏನು ಏರಬೇಕು ಎಂಬುದೂ ಮುಖ್ಯ. 2022ರಲ್ಲಿ ಈ ಯೋಜನೆ ಶುರುವಾದಾಗ ವಾರಕ್ಕೆ ಎರಡು ದಿನ 125 ಮಿ.ಲೀ. ಹಾಲು, ಎರಡು ದಿನ ಒಂದೊಂದು ಮೊಟ್ಟೆ ಇತ್ತು. ಇವುಗಳಿಂದ ಒಳ್ಳೆಯ ಪ್ರೋಟೀನ್, ಬಿ12, ಎ ವಿಟಮಿನ್ ಸಿಗುತ್ತವೆ. ಕಬ್ಬಿಣ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮೊಟ್ಟೆಯಲ್ಲಿ 1 ಮಿ.ಗ್ರಾಂನಷ್ಟಿದ್ದರೂ ಚೆನ್ನಾಗಿ ಹೀರುವುದಿಲ್ಲ. ಹೀಗಿರುವಾಗ ಹಿಮೋಗ್ಲೋಬಿನ್ ಏರಲಿಲ್ಲವೆಂದು ಯೋಜನೆ ಸೋತಿತು ಎನ್ನುವುದು ಸರಿಯಲ್ಲ. ಎ ವಿಟಮಿನ್‌ನ ಪರೀಕ್ಷೆಯೂ ಸುಲಭಕ್ಕೆ ಅಲುಗುವುದಿಲ್ಲ. ಯಕೃತ್ತು ತನ್ನ ದಾಸ್ತಾನಿನಿಂದ ರಕ್ತದ ಮಟ್ಟವನ್ನು ಒಂದೇ ಸಮ ಕಾಯುತ್ತದೆ. ದಾಸ್ತಾನು ತೀರಾ ಬರಿದಾದಾಗ ಮಾತ್ರ ರಕ್ತದಲ್ಲಿ ಇಳಿಯುತ್ತದೆ. ನಿಮ್ಮ ಮಟ್ಟಿಗೆ ತಿಂಗಳಿಗೊಮ್ಮೆ ತೂಕ, ಆರು ತಿಂಗಳಿಗೊಮ್ಮೆ ಎತ್ತರ, ಜ್ವರ–ಭೇದಿಯಿಂದ ತಪ್ಪಿದ ದಿನಗಳು, ಇಷ್ಟನ್ನು ಪ್ರಾಮಾಣಿಕವಾಗಿ ಬರೆದಿಟ್ಟರೆ ರಕ್ತಪರೀಕ್ಷೆಗಿಂತ ಹೆಚ್ಚು ತಿಳಿಯುತ್ತದೆ.

ಕಬ್ಬಿಣ ಸೇರಿಸಿದ ಕಾರ್ಯಕ್ರಮಗಳಲ್ಲೂ ಎಲ್ಲ ಸಂಖ್ಯೆಗಳು ಒಂದೇ ಹೆಜ್ಜೆ ಹಾಕುವುದಿಲ್ಲ. ಮಕ್ಕಳ ಊಟಕ್ಕೆ ಉದುರಿಸುವ ಸೂಕ್ಷ್ಮ ಪೋಷಕಾಂಶದ ಹುಡಿಯ ಬಗ್ಗೆ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಜಾಲದ 2020ರ ವಿಮರ್ಶೆ ಅನೇಕ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದೆ. ಕಬ್ಬಿಣದ ಕೊರತೆ ಶೇ. 53ರಷ್ಟು ತಗ್ಗಿತು, ರಕ್ತಹೀನತೆ ಮಾತ್ರ ಶೇ. 18. ನೆಲಗಡಲೆಯಂಥ ಎಣ್ಣೆಯಂಶದಲ್ಲಿ ಪೋಷಕಾಂಶ ಬೆರೆಸಿದ ಪುಟ್ಟ ಪೊಟ್ಟಣಗಳನ್ನು ಕುರಿತ 2021ರ ವಿಶ್ಲೇಷಣೆಯಲ್ಲೂ ಅದೇ ಕಥೆ: ಕೊರತೆ ಶೇ. 56 ತಗ್ಗಿದರೆ ರಕ್ತಹೀನತೆ ಶೇ. 16. ಕಾರಣ ಸರಳ. ರಕ್ತಹೀನತೆಗೆ ಕಬ್ಬಿಣವೊಂದೇ ಕಾರಣವಲ್ಲ. ಸೋಂಕು, ಬಿ12, ಫೋಲೇಟ್, ಹುಳ, ತಲಸ್ಸೀಮಿಯಾ ಎಲ್ಲವೂ ಇವೆ. ಮುಂಚೆ ಹೇಳಿದ ರಾಷ್ಟ್ರೀಯ ಸಮಗ್ರ ಪೌಷ್ಟಿಕಾಂಶ ಸಮೀಕ್ಷೆಯಲ್ಲಿ ಪುಟ್ಟ ಮಕ್ಕಳಲ್ಲಿ ಶೇ. 32ಕ್ಕೆ ಕಬ್ಬಿಣದ ಕೊರತೆ, ಶೇ. 23ಕ್ಕೆ ಫೋಲೇಟ್, ಶೇ. 14ಕ್ಕೆ ಬಿ12 ಕೊರತೆ ಕಂಡಿತ್ತು.

ಕಬ್ಬಿಣದ ಸಿರಪ್ ಕೊಡುವ ಮಕ್ಕಳಲ್ಲಿ ಫಲ ನೋಡುವ ಹೊತ್ತು ಹೀಗೆ: ಒಂದು ವಾರಕ್ಕೆ ಎಳೆಯ ರಕ್ತಕಣಗಳು ಹೆಚ್ಚುತ್ತವೆ (ಇದು ಲ್ಯಾಬಿನ ಪರೀಕ್ಷೆ), ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್, ಮೂರು ತಿಂಗಳಿಗೆ ಫೆರಿಟಿನ್. ಹದಿನೈದು ದಿನಕ್ಕೇ ನೋಡಿ ಕೈಬಿಡಬೇಡಿ. ಹಾಲು ಕುಡಿದ ಕೂಡಲೆ ಸಿರಪ್ ಬೇಡ, ಎರಡು ಗಂಟೆ ಅಂತರ ಇರಲಿ. ಐದು ತುಂಬಿದವರಿಗೆ ಸಿರಪ್ ಬದಲು ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆ.

ಪ್ರಶ್ನೆ: ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಬೆರೆಸಿದ್ದಾರೆಂದು ಇಲ್ಲಿ ಎಲ್ಲರೂ ಆರಿಸಿ ಎಸೆಯುತ್ತಿದ್ದಾರೆ. ಮಕ್ಕಳಿಗೆ ಕೊಡಬಹುದೇ?
– ಹೊಸೂರು

ಉತ್ತರ: ಅದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಯಂತ್ರದಲ್ಲಿ ಮತ್ತೆ ಕಾಳಿನಂತೆ ಒತ್ತಿ, 100 ಕಾಳಿಗೆ ಒಂದರಂತೆ ಬೆರೆಸುತ್ತಾರೆ. ಬಣ್ಣ ತುಸು ಬೇರೆ, ನೀರಲ್ಲಿ ತೇಲುವುದೂ ಉಂಟು. ಆರಿಸಿ ಎಸೆದರೆ ಸಾರವೆಲ್ಲ ಹೋಯಿತು. ಹೀಗೆ ತಯಾರಾದ ಒಂದು ಕಿಲೋ ಅಕ್ಕಿಯಲ್ಲಿ 28ರಿಂದ 42.5 ಮಿ.ಗ್ರಾಂ ಕಬ್ಬಿಣ ಇರಬೇಕೆಂಬುದು ನಿಯಮ. ಮಗು ದಿನಕ್ಕೆ 60 ಗ್ರಾಂ ಅಕ್ಕಿಯ ಅನ್ನ ಉಂಡರೆ ಸಿಗುವುದು ಎರಡು ಮಿ.ಗ್ರಾಂ ಆಸುಪಾಸು, ಉಪಕಾರ ಉಂಟು, ಆದರೆ ಸಿರಪ್ಪಿಗೆ ಬದಲಿಯಲ್ಲ. ಒಂದೆರಡು ಸಲ ಮಾತ್ರ ತೊಳೆಯಿರಿ, ಗಂಜಿ ಬಸಿಯದೆ ಹಾಕಿದ ನೀರು ಇಂಗುವಂತೆ ಬೇಯಿಸಿ. ಕಾಸರಗೋಡಿನ ಕುಚ್ಚಲಕ್ಕಿಯವರು ತಿಳಿ ಚೆಲ್ಲದೆ ಮಗುವಿಗೆ ಗಂಜಿಯಾಗಿಯೇ ಕೊಟ್ಟರೆ ಆಯಿತು. ತಲಸ್ಸೀಮಿಯಾ ರೋಗಕ್ಕೆ ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಮಗುವಿದ್ದರೆ ವೈದ್ಯರನ್ನು ಕೇಳಿ.

ಹೊಸೂರಿನವರಿಗೆ ಇನ್ನೊಂದು ಮಾತು. 500ರಿಂದ 1000 ಮೀಟರ್ ಎತ್ತರದ ಊರುಗಳಲ್ಲಿ ರಕ್ತಕಣ ಸಹಜವಾಗಿಯೇ ತುಸು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ಬಂದ ಸಂಖ್ಯೆಯಿಂದ 0.4 ಕಳೆದು ನೋಡಬೇಕು, ಅಲ್ಲಿನ 11.2 ಕರಾವಳಿಯ 10.8ಕ್ಕೆ ಸಮ.

ಪ್ರಶ್ನೆ: ಮಗುವಿಗೆ ಅಲ್ಬುಮಿನ್ 2.9 ಬಂದೈತಿ, ಪ್ರೋಟೀನ್ ಪೌಡರ್ ಡಬ್ಬಿ ಬರೆದಾರ. ತರಬೇಕೇನ್ರಿ?
– ಜತ್ತ

ಉತ್ತರ: ಡಬ್ಬಿಗೆ ಮೊದಲು ಕಾರಣ ಹುಡುಕಬೇಕು. ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಸೋಂಕಿನಲ್ಲಿ ಇಳಿಯುತ್ತದೆ, ಮೂತ್ರದಲ್ಲಿ ಸೋರಿದರೆ ಇಳಿಯುತ್ತದೆ, ಯಕೃತ್ತಿನ ತೊಂದರೆಗೂ ಇಳಿಯುತ್ತದೆ. ಮೂಳೆಚಕ್ಕಳವಾದ ಮಗುವಿಗೆ ಇದು ಸರಿಯಾದ ಮಟ್ಟದಲ್ಲೇ ಬರುವುದೂ ಉಂಟು. ಹಾಗಾಗಿ ಪೋಷಣೆ ಅಳೆಯಲು ಇದು ಒಳ್ಳೆಯ ಗುರುತಲ್ಲ. ಮೊದಲು ಮೂತ್ರದ ಪ್ರೋಟೀನ್ ಪರೀಕ್ಷೆ, ಸಿಆರ್‌ಪಿ ಮಾಡಿಸಿ. ಮುಖ, ಕಾಲು ಬಾತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಎಲ್ಲ ಸರಿಯಿದ್ದರೆ ಜೋಳದ ರೊಟ್ಟಿಯನ್ನು ಹಾಲಲ್ಲಿ ನೆನೆಸಿ, ಹೆಸರುಬೇಳೆ ಕಟ್ಟು, ಶೇಂಗಾಹಿಂಡಿ, ಮೊಟ್ಟೆ ಕೊಡಿ. ಆ ಡಬ್ಬಿಯ ದುಡ್ಡಿಗೆ ತಿಂಗಳಿಗೆ ಸಾಕಾಗುವಷ್ಟು ಮೊಟ್ಟೆ ಬಂದೀತು.

ಚುಟುಕು ಪ್ರಶ್ನೆಗಳಿಗೆ:

ದಾಳಿಂಬೆ, ಬೀಟ್‌ರೂಟ್ ರಸ ಕೆಂಪಾಗಿದೆ ನಿಜ. 100 ಗ್ರಾಂನಲ್ಲಿ ಕಬ್ಬಿಣ 1 ಮಿ.ಗ್ರಾಂ ಕೂಡ ಇಲ್ಲ. ಹಣ್ಣೆಂದು ಕೊಡಿ, ಔಷಧಿಯೆಂದು ಕೊಡಬೇಡಿ. (ನೀರ್ಚಾಲು)

ಸಿರಪ್ಪಿನಿಂದ ಮಲ ಕಪ್ಪಾಗುವುದು ಸಹಜ. ಹಲ್ಲಿಗೆ ಕಲೆ ಬೀಳದಂತೆ ನಾಲಗೆಯ ಹಿಂಭಾಗಕ್ಕೆ ಹಾಕಿ, ಮೇಲೆ ಎರಡು ಚಮಚ ನೀರು ಕುಡಿಸಿ. ಖಾಲಿಹೊಟ್ಟೆಗೆ ವಾಂತಿಯಾದರೆ ಊಟವಾಗಿ ಒಂದು ಗಂಟೆಗೆ ಕೊಡಿ. (ಎಣ್ಮಕಜೆ)

ಹುಳದ ಮದ್ದು ಅಲ್ಬೆಂಡಜೋಲ್ ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, 200 ಮಿ.ಗ್ರಾಂ, ಎರಡು ದಾಟಿದವರಿಗೆ ಇಡೀ ಮಾತ್ರೆ. ಪುಟ್ಟವರಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿಯೇ ಕೊಡಬೇಕು, ಗಂಟಲಿಗೆ ಸಿಕ್ಕಿಹಾಕಿಕೊಳ್ಳುವುದುಂಟು. ಜ್ವರವಿದ್ದ ದಿನ ಬೇಡ. (ಪುತ್ತಿಗೆ)

ದಿನಕ್ಕೆ ಮುಕ್ಕಾಲು ಲೀಟರ್ ದನದ ಹಾಲು ಎರಡು ವರ್ಷದ ಮಗುವಿಗೆ ಹೆಚ್ಚಾಯಿತು. ಹೊಟ್ಟೆ ಅದರಲ್ಲೇ ತುಂಬಿ ಅನ್ನ ಸೇರುವುದಿಲ್ಲ, ಕಬ್ಬಿಣಕ್ಕೂ ಅಡ್ಡಿ. ಅರ್ಧ ಲೀಟರ್ ದಾಟಿಸಬೇಡಿ, ಬಾಟಲಿ ಬಿಡಿಸಿ ಲೋಟದಲ್ಲಿ ಕೊಡಿ. (ಬೆಳ್ಳೂರು)